ಕಾರ್ಥೇಜ್ ಸೇನೆಯನ್ನು 1:72 ಅಳತೆಯಲ್ಲಿ ಕಟ್ಟುವುದು: ನನ್ನ ಅನುಭವ

ಉತ್ತರ ಆಫ್ರಿಕಾದ ಕಾರ್ಥೇಜ್ ನಗರರಾಜ್ಯದ ಸೇನಾಪತಿ ಹ್ಯಾನಿಬಲ್‌ನ ಸೇನೆಯನ್ನು 1:72 ಅಳತೆಯ (ನಿಜದ 72ರಲ್ಲೊಂದು ಪಾಲು) ಚಿಕ್ಕ ಫಿಗರ್‌ಗಳಲ್ಲಿ ಕಟ್ಟಲು ಹೊರಟವರು ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. ರೋಮ್ ಮತ್ತು ಕಾರ್ಥೇಜ್ ನಡುವಿನ ಎರಡನೇ ಪ್ಯೂನಿಕ್ ಯುದ್ಧ ಕ್ರಿ.ಪೂ. 218ರಿಂದ 201ರವರೆಗೆ ನಡೆಯಿತು. ಅಷ್ಟರಲ್ಲಿ ಇದೇ ಸೇನೆ ಮೂರು ಬೇರೆ ಬೇರೆ ರೂಪ ತಳೆದಿದೆ. ಕ್ರಿ.ಪೂ. 218ರ ಡಿಸೆಂಬರಿನಲ್ಲಿ ಉತ್ತರ ಇಟಲಿಯ ಟ್ರೆಬಿಯಾ ನದಿಯ ಬಳಿ ನಡೆದ ಕಾಳಗದಲ್ಲಿ ಆನೆಗಳಿವೆ, ಲಿಬಿಯನ್ (ಕಾರ್ಥೇಜಿನ ಆಫ್ರಿಕನ್) ಕಾಲಾಳುಗಳು ತಮ್ಮದೇ ಆಯುಧ ಹಿಡಿದಿದ್ದಾರೆ. ಆ ಚಳಿಗಾಲ ಕಳೆಯುವಷ್ಟರಲ್ಲಿ ಉಳಿದದ್ದು ಒಂದೇ ಆನೆ. ಹಾಗಾಗಿ ಕ್ರಿ.ಪೂ. 216ರಲ್ಲಿ ದಕ್ಷಿಣ ಇಟಲಿಯಲ್ಲಿ ನಡೆದ ಕ್ಯಾನೆ ಕಾಳಗಕ್ಕೆ ಆನೆ ಇಡುವಂತಿಲ್ಲ. ಅಲ್ಲಿ ಲಿಬಿಯನ್ನರು ರೋಮನ್ನರಿಂದ ಗೆದ್ದ ಕವಚ, ಗುರಾಣಿಗಳನ್ನು ಧರಿಸಿದ್ದರು. ಕ್ರಿ.ಪೂ. 202ರಲ್ಲಿ ಆಫ್ರಿಕಾದ ಜಾಮಾದಲ್ಲಿ ನಡೆದ ಕಾಳಗದಲ್ಲಿ 80ಕ್ಕೂ ಹೆಚ್ಚು ಆನೆಗಳಿದ್ದವು, ಆದರೆ ನುಮಿಡಿಯನ್ (ಕಾರ್ಥೇಜಿನ ಪಶ್ಚಿಮದ ನೆರೆಯ ಜನ) ಕುದುರೆ ಸವಾರರಲ್ಲಿ ಹೆಚ್ಚಿನವರು ತಮ್ಮ ರಾಜ ಮಸಿನಿಸ್ಸನ ಜೊತೆ ರೋಮ್ ಕಡೆಗೆ ಹೋಗಿದ್ದರು. ಆನೆ ಮತ್ತು ರೋಮನ್ ಉಂಗುರಕವಚದ ಲಿಬಿಯನ್ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಟ್ರೆಬಿಯಾ ನೋಡಿದರೆ ನನಗೆ ಸಂಕಟವಾಗುತ್ತದೆ.

ನಾನು ಆರಿಸಿಕೊಳ್ಳುವುದು ಕ್ಯಾನೆಯನ್ನು. ಲೆಕ್ಕವೂ ಸುಲಭ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳುವಂತೆ ಅಂದು ಹ್ಯಾನಿಬಲ್‌ನ ಬಳಿ ಸುಮಾರು 40,000 ಕಾಲಾಳು, 10,000 ಕುದುರೆ ಸವಾರರು. ಒಂದು ಫಿಗರ್‌ಗೆ 500 ಜನ ಎಂದಿಟ್ಟುಕೊಂಡರೆ 80 ಕಾಲಾಳು, 20 ಸವಾರರು. ಆಲ್ಪ್ಸ್ ದಾಟಿ ಇಟಲಿ ಮುಟ್ಟಿದ ಆಫ್ರಿಕನ್ ಕಾಲಾಳುಗಳು 12,000. ಆಮೇಲಿನ ನಷ್ಟ ಕಳೆದು ಅವರಿಗೆ 20 ಫಿಗರ್ ಕೊಡುತ್ತೇನೆ, ಎರಡೂ ತುದಿಗಳಲ್ಲಿ ಹತ್ತು ಹತ್ತು. ಸವಾರರಲ್ಲಿ 8 ನುಮಿಡಿಯನ್ನರು ಬಲಗಡೆ, 12 ಸ್ಪೇನ್ ಮತ್ತು ಗಾಲ್‌ನವರು (ಗಾಲ್ ಎಂದರೆ ಇಂದಿನ ಫ್ರಾನ್ಸ್, ಉತ್ತರ ಇಟಲಿ) ಎಡಗಡೆ.

1:72 ಸೆಟ್‌ಗಳು ಹೆಚ್ಚಾಗಿ ಮೆತ್ತನೆಯ ಪಾಲಿಥೀನ್‌ನಲ್ಲಿ ಬರುತ್ತವೆ. ಅಗ್ಗ, ಆದರೆ ಬಣ್ಣ ಹಿಡಿಯದ ವಸ್ತು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಪಸೆ ಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಂದು ರಾತ್ರಿ ಒಣಗಲು ಬಿಡುತ್ತೇನೆ. ಅಚ್ಚಿನ ಗೆರೆಯನ್ನು ಅರದಿಂದ ಉಜ್ಜಬಾರದು, ಪಾಲಿಥೀನ್ ಎಳೆ ಎಳೆಯಾಗಿ ಏಳುತ್ತದೆ. ಹೊಸ ಬ್ಲೇಡ್‌ನಿಂದ ಒಂದೇ ದಿಕ್ಕಿನಲ್ಲಿ ಕೊಯ್ಯಬೇಕು. ಬಾಗಿದ ಈಟಿ, ಕತ್ತಿಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ತಕ್ಷಣ ಐಸ್ ನೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತವೆ.

ಪ್ರೈಮರ್‌ಗೆ ನಾನು ಹೋಗುವುದು ವಾಹನಗಳ ಪೇಂಟ್ ಅಂಗಡಿಗೆ. ಬಂಪರ್‌ಗೆಂದು ಮಾರುವ ಪ್ಲಾಸ್ಟಿಕ್ ಪ್ರೈಮರ್ ಈ ಜಾತಿಯ ಪ್ಲಾಸ್ಟಿಕ್‌ಗೇ ಮಾಡಿದ್ದು. 20-25 ಸೆಂ.ಮೀ. ದೂರದಿಂದ, ತೆಳುವಾಗಿ, ಎರಡು ಮೂರು ಸಲ. ಮಳೆಗಾಲದಲ್ಲಿ ಸ್ಪ್ರೇ ಮುಟ್ಟಬೇಡಿ. ಗಾಳಿಯ ತೇವ ಹೆಚ್ಚಿದ್ದರೆ ಮೇಲ್ಮೈ ಪುಡಿಪುಡಿಯಾಗುತ್ತದೆ. ಆಗ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಒಂದು ಕೋಟ್ ಹಚ್ಚಿ, ಅದರ ಮೇಲೆ ಅಕ್ರಿಲಿಕ್ ಜೆಸ್ಸೊ (ಕ್ಯಾನ್ವಾಸ್‌ಗೆ ಮೊದಲು ಹಚ್ಚುವ ಬಿಳಿ ಲೇಪ). ಫೆವಿಕಾಲ್ ಪದರ ಬಾಗಿದರೂ ಬಿರಿಯುವುದಿಲ್ಲ, ಅದರ ಮೇಲಿನ ಬಣ್ಣವೂ ಉಳಿಯುತ್ತದೆ.

ಅಚ್ಚಿನ ಈಟಿ ಎಷ್ಟು ನೇರ ಮಾಡಿದರೂ ದಪ್ಪವೇ. ನಾನು ಅದನ್ನು ಕತ್ತರಿಸಿ 0.5 ಮಿ.ಮೀ. ಹಿತ್ತಾಳೆ ತಂತಿ ಹಾಕುತ್ತೇನೆ. ನಿಜ ಅಳತೆಗೆ ತಂದರೆ ಅದು 3.6 ಸೆಂ.ಮೀ. ದಪ್ಪದ ಕೋಲು. 2.4 ಮೀಟರ್ ಈಟಿಗೆ 33 ಮಿ.ಮೀ. ತಂತಿ ಸಾಕು. ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಎಲೆಯಾಕಾರಕ್ಕೆ ಕತ್ತರಿಸಿ, ಮುಷ್ಟಿಯಲ್ಲಿ ಕೈಡ್ರಿಲ್‌ನಿಂದ ತಂತಿಗಿಂತ ತುಸು ಸಣ್ಣ ತೂತು ಕೊರೆದು ಸೇರಿಸಬೇಕು. ಸೂಪರ್ ಗ್ಲೂ ಪಾಲಿಥೀನ್‌ಗೆ ಕಚ್ಚುವುದಿಲ್ಲ. ತೂತಿನ ಬಿಗಿಯೇ ತಂತಿಯನ್ನು ಹಿಡಿಯಬೇಕು. ಎಸೆಯುವ ಭರ್ಜಿಗೆ 0.3 ಮಿ.ಮೀ. ತಂತಿ, 19 ಮಿ.ಮೀ. ಉದ್ದ. ತಂತಿ ಕತ್ತರಿಸುವಾಗ ತುಂಡು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಕ್ಯಾನೆಯ ಲಿಬಿಯನ್ನರ ವಿಷಯದಲ್ಲಿ ಪಾಲಿಬಿಯಸ್, ರೋಮನ್ ಇತಿಹಾಸಕಾರ ಲಿವಿ ಇಬ್ಬರದೂ ಒಂದೇ ಮಾತು: ರೋಮನ್ ಆಯುಧ ಧರಿಸಿದ್ದರು, ಲಿವಿಯಂತೂ ಅವರನ್ನು ನೋಡಿದರೆ ರೋಮನ್ನರೆಂದೇ ಅಂದುಕೊಳ್ಳಬಹುದಿತ್ತು ಎನ್ನುತ್ತಾನೆ. ಆದ್ದರಿಂದ ರೋಮನ್ ಸೆಟ್‌ನ ಫಿಗರ್‌ಗಳನ್ನೇ ತೆಗೆದುಕೊಂಡು ಬದಲಿಸುವುದು ಸರಿಯಾದ ದಾರಿ. ಶಿರಸ್ತ್ರಾಣದ ಮೇಲಿನ ಮೂರು ಗರಿಗಳನ್ನು ಕತ್ತರಿಸುತ್ತೇನೆ. ಗೆದ್ದ ಮಾಲು ಹಂಚುವಾಗ ಗರಿ ನೆಟ್ಟಗಿರುವುದು ಕಷ್ಟ. ಸಾಲಿನಲ್ಲಿ ರೋಮನ್ನರಿಗೂ ಇವರಿಗೂ ವ್ಯತ್ಯಾಸವೂ ಕಾಣಬೇಕು. ಇಬ್ಬರು ಮೂವರಿಗೆ ಉಂಗುರಕವಚದ ಬದಲು ಎದೆಯ ಮೇಲೆ ಚೌಕ ಕಂಚಿನ ಫಲಕ ಇಟ್ಟರೆ ಸಾಲು ಏಕರೂಪವಾಗದೆ ಉಳಿಯುತ್ತದೆ. ಉಂಗುರಕವಚಕ್ಕೆ ಮೊದಲು ಕಪ್ಪು, ಮೇಲೆ ಒಣ ಕುಂಚದಿಂದ ಉಕ್ಕಿನ ಬಣ್ಣ. ಕಂಚಿನ ಶಿರಸ್ತ್ರಾಣಕ್ಕೆ ಗಾಢ ಕಂದು, ಮೇಲೆ ಕಂಚು, ಕೊನೆಗೆ ನೀರಾಗಿಸಿದ ಕಂದು. ಬೆಳ್ಳಿ ಬಣ್ಣವನ್ನು ನೇರ ಬಿಳಿ ಪ್ರೈಮರ್ ಮೇಲೆ ಹಚ್ಚಿದರೆ ಕವಚ ಅಲ್ಯೂಮಿನಿಯಂ ಪಾತ್ರೆಯಂತೆ ಕಾಣುತ್ತದೆ.

ಗುರಾಣಿಗೆ ಉತ್ತರ ಆಫ್ರಿಕಾದಲ್ಲೇ ಒಳ್ಳೆಯ ಸಾಕ್ಷಿ ಇದೆ. ಈಜಿಪ್ಟಿನ ಫಯೂಮ್ ಪ್ರದೇಶದ ಕಸ್ರ್ ಅಲ್ ಹರಿತ್‌ನಲ್ಲಿ ಸಿಕ್ಕಿದ ಉದ್ದ ಗುರಾಣಿ 128 ಸೆಂ.ಮೀ. ಎತ್ತರ, 63.5 ಸೆಂ.ಮೀ. ಅಗಲ, ಬರ್ಚ್ ಮರದ ತೆಳು ಪಟ್ಟಿಗಳನ್ನು ಅಡ್ಡ ಉದ್ದ ಮೂರು ಪದರವಾಗಿ ಅಂಟಿಸಿ, ಮೇಲೆ ಉಣ್ಣೆಯ ಫೆಲ್ಟ್ ಹೊದಿಸಿದ್ದು. 1:72ರಲ್ಲಿ ಇದು 17.8 × 8.8 ಮಿ.ಮೀ. ಸೆಟ್‌ನ ಗುರಾಣಿಗಳು ಸಾಮಾನ್ಯವಾಗಿ ಚಪ್ಪಟೆ. ಬಿಸಿನೀರಿನಲ್ಲಿ ಅದ್ದಿ ಪೆನ್ಸಿಲ್ ಮೇಲೆ ಒತ್ತಿ ಬಾಗಿಸಿ, ತಣ್ಣೀರಿಗೆ ಹಾಕಿ. ಫೆಲ್ಟ್ ಆದ್ದರಿಂದ ಹೊಳಪು ಬೇಡ, ಮಂದ ಬಣ್ಣವೇ ಸರಿ.

ಟ್ರೆಬಿಯಾ ಮಾಡುವವರಿಗೆ ಲಿಬಿಯನ್ ಗುರಾಣಿ ಬೇರೆ. ನಾನು 90 ಸೆಂ.ಮೀ. ದುಂಡು ಗುರಾಣಿ, ಅಂದರೆ 12.5 ಮಿ.ಮೀ., ಬಳಸಿ ಹೆಚ್ಚಿನವಕ್ಕೆ ಬಿಳಿ ಹಚ್ಚುತ್ತೇನೆ. ಟ್ರೆಬಿಯಾ ಕಾಳಗಕ್ಕಿಂತ ಒಂದು ಶತಮಾನಕ್ಕೂ ಹಿಂದೆ ಸಿಸಿಲಿಯ ಕ್ರಿಮಿಸಸ್ ನದಿಯ ಬಳಿ ಹೋರಾಡಿದ ಕಾರ್ಥೇಜ್ ಸೇನೆಯಲ್ಲಿ 10,000 ಬಿಳಿ ಗುರಾಣಿಗಳಿದ್ದವೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಎಂಟರಲ್ಲಿ ಒಂದಕ್ಕೆ ಮಾತ್ರ ಚಿಹ್ನೆ: ಕಾರ್ಥೇಜಿನ ತಾನಿತ್ ದೇವಿಯ ಗುರುತು, ಅಥವಾ ಕಾರ್ಥೇಜ್ ನಾಣ್ಯಗಳ ಕುದುರೆ, ಖರ್ಜೂರದ ಮರ. ಅಧಿಕಾರಿಗೆ ಟ್ಯುನೀಶಿಯಾದ ಕ್ಸೂರ್ ಎಸ್ಸೆಫ್‌ನಲ್ಲಿ ಸಿಕ್ಕ, ಈಗ ಬಾರ್ದೋ ಮ್ಯೂಸಿಯಂನಲ್ಲಿರುವ ಮೂರು ತಟ್ಟೆಯ ಎದೆಗವಚ ಕೊಡುತ್ತೇನೆ. ದಕ್ಷಿಣ ಇಟಲಿ ಮಾದರಿಯ ಕೆಲಸ ಅದು. ಪುಟ್ಟಿಯಲ್ಲಿ ಮೂರು ಬಿಂದು ಒತ್ತಿ, ಮೇಲೆ ಎರಡು, ಕೆಳಗೆ ಒಂದು, ಚಿನ್ನದ ಬಣ್ಣ ಹಚ್ಚಿದರೆ ಆಯಿತು.

ನುಮಿಡಿಯನ್ ಸವಾರನ ಮೇಲೆ ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತೇನೆ. ಇವರು ಕಡಿವಾಣವಿಲ್ಲದೆ, ಜೀನು ಇಲ್ಲದೆ ಸವಾರಿ ಮಾಡುತ್ತಿದ್ದರು. ಕುದುರೆಯ ಕತ್ತಿಗೊಂದು ಹಗ್ಗ, ಕೈಯಲ್ಲೊಂದು ಸಣ್ಣ ಕೋಲು. ಮೂರು ಶತಮಾನ ಈಚಿನದಾದರೂ ರೋಮ್‌ನ ಟ್ರಾಜನ್ ಸ್ತಂಭದ ಮೇಲಿನ ಉತ್ತರ ಆಫ್ರಿಕಾದ ‘ಮೂರ್’ ಜನರ ಸವಾರರ ಕೆತ್ತನೆ ಒಳ್ಳೆಯ ಮಾದರಿ: ಹೆಣೆದ ಜಡೆಗೂದಲು, ಮೊಣಕಾಲಿಗಿಂತ ಮೇಲಿನ ಅಂಗಿ, ದುಂಡು ಗುರಾಣಿ, ಕುದುರೆಯ ಕತ್ತಿನ ಹಗ್ಗ. ಸೆಟ್‌ನ ಕುದುರೆಗೆ ಲಗಾಮು ಕೆತ್ತಿದ್ದರೆ ಬ್ಲೇಡ್‌ನಿಂದ ಹೆರೆದು ತೆಗೆಯಿರಿ. ಬರೀ ಬಣ್ಣದಿಂದ ಮುಚ್ಚಿದರೆ ವಾಷ್ (ನೀರಾಗಿಸಿದ ಗಾಢ ಬಣ್ಣ) ಹಚ್ಚಿದಾಗ ಆ ಗೆರೆ ಮತ್ತೆ ಎದ್ದು ಕಾಣುತ್ತದೆ. ಹಗ್ಗಕ್ಕೆ ಹೊಲಿಗೆ ದಾರದ ಒಂದೇ ಎಳೆಯನ್ನು ಫೆವಿಕಾಲ್‌ನಲ್ಲಿ ಅದ್ದಿ ಸುತ್ತುತ್ತೇನೆ. ಕುದುರೆ ಸಣ್ಣ ತಳಿಯದು: 1.35 ಮೀಟರ್ ಎತ್ತರ ಹಿಡಿದರೆ ಹೆಗಲಿನವರೆಗೆ 19 ಮಿ.ಮೀ. ಮೀರಬಾರದು. ಗಾಲ್‌ಗಳ ಸೆಟ್‌ನ ದೊಡ್ಡ ಕುದುರೆಯ ಮೇಲೆ ಕೂರಿಸಿದರೆ ಸವಾರನ ಚುರುಕೇ ಹೋಗುತ್ತದೆ. ಎಂಟು ಕುದುರೆಗಳಿಗೆ ಕನಿಷ್ಠ ನಾಲ್ಕು ಬಣ್ಣ ಇರಲಿ. ಗುರಾಣಿ 7-8 ಮಿ.ಮೀ., ಹಸಿ ತೊಗಲಿನ ಬಣ್ಣ, ಚಿತ್ತಾರವಿಲ್ಲ.

ಸ್ಪೇನಿನವರ ಬಿಳಿ ನಾರುಬಟ್ಟೆಯ ಅಂಗಿಗೆ ಕೆನ್ನೀಲಿ ಅಂಚು. ಅಂಚನ್ನು ಮೊದಲು ಅಗಲವಾಗಿ ಬಳಿದು, ಆಮೇಲೆ ಮೇಲಿನಿಂದ ಬಿಳಿಯನ್ನು ತಂದು ಅದನ್ನು ಅರ್ಧ ಮಿ.ಮೀ.ಗೆ ಇಳಿಸುವುದು ಸುಲಭ. ಬಲಿಯಾರಿಕ್ (ಸ್ಪೇನಿನ ಪೂರ್ವದ ದ್ವೀಪಗಳ) ಕವಣೆಗಾರನ ಬಳಿ ಮೂರು ಕವಣೆ: ಕೈಯಲ್ಲಿ ಒಂದು, ಉಳಿದೆರಡು ತಲೆಗೆ ಮತ್ತು ಸೊಂಟಕ್ಕೆ ಸುತ್ತಿದ್ದು. ದಾರದಿಂದ ಸೇರಿಸಿ.

ಟ್ರೆಬಿಯಾ ಅಥವಾ ಜಾಮಾ ಮಾಡುವವರಿಗೆ ಆನೆಯ ಮಾತು. ನಮ್ಮ ಕಣ್ಣಿಗೆ ದಸರಾ ಆನೆ ರೂಢಿಯಾಗಿರುವುದರಿಂದ ಕೈ ತಾನಾಗಿ ಅತ್ತ ಹೋಗುತ್ತದೆ. ಇದು ಉತ್ತರ ಆಫ್ರಿಕಾದ ಆನೆ: ಬೆನ್ನು ನಡುವೆ ತಗ್ಗು, ಹಣೆಯಲ್ಲಿ ಎರಡು ಉಬ್ಬುಗಳಿಲ್ಲ, ಕಿವಿ ಅಗಲ, ಸೊಂಡಿಲ ತುದಿಗೆ ಎರಡು ಬೆರಳು. ನಮ್ಮ ಆನೆಗಳ ಕಿವಿ, ಸೊಂಡಿಲ ಮೇಲಿನ ಗುಲಾಬಿ ಮಚ್ಚೆ ಇದಕ್ಕೆ ಬೇಡ. ಹೆಗಲಿನ ಎತ್ತರ ಸುಮಾರು 2.5 ಮೀಟರ್, ಅಂದರೆ 35 ಮಿ.ಮೀ. ಕೊಂಡ ಆನೆ 45 ಮಿ.ಮೀ. ಇದ್ದರೆ ಅದು ಪೂರ್ವ ಆಫ್ರಿಕಾದ ಸವಾನಾ ಆನೆ, ಬಳಸಬೇಡಿ. ಅಂಬಾರಿಯಂಥ ಗೋಪುರವನ್ನು ನಾನು ಇಡುವುದಿಲ್ಲ: ಹ್ಯಾನಿಬಲ್‌ನ ಮನೆತನ ಸ್ಪೇನಿನಲ್ಲಿ ಟಂಕಿಸಿದ ಬೆಳ್ಳಿ ನಾಣ್ಯದ ಆನೆಯ ಮೇಲೆ ಇರುವುದು ಮಾವುತ ಮಾತ್ರ. ಮಾವುತನ ಸೊಂಟಕ್ಕೆ ಒಂದು ಉಳಿ, ಕೊಡತಿ ಕಟ್ಟಿ. ಆನೆ ತಿರುಗಿ ಸ್ವಂತ ಸೇನೆಯನ್ನೇ ತುಳಿಯತೊಡಗಿದರೆ ಕಿವಿಗಳ ನಡುವೆ ಹೊಡೆದು ಕೊಲ್ಲಲು ಅವನ್ನು ಕೊಡುತ್ತಿದ್ದರೆಂದು ಲಿವಿ ಬರೆದಿದ್ದಾನೆ. ಬಣ್ಣಕ್ಕೆ ಗಾಢ ಬೂದಿಯಲ್ಲಿ ಸ್ವಲ್ಪ ಕಂದು, ಸುಕ್ಕುಗಳಿಗೆ ಕಂದುಕಪ್ಪು ವಾಷ್, ಕಾಲಿನ ಕೆಳಭಾಗಕ್ಕೆ ನೆಲದ ಧೂಳಿನದೇ ಬಣ್ಣ.

ಅಡಿಪೀಠಕ್ಕೆ 2-3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ): ಕಾಲಾಳು ನಾಲ್ವರಿಗೆ 60 × 20 ಮಿ.ಮೀ., ಆನೆಗೆ 40 × 40. ಒಂದೇ ಬದಿಗೆ ಫೆವಿಕಾಲ್ ಬಳಿದರೆ ಹಲಗೆ ಬಾಗುತ್ತದೆ, ಕೆಳಗೂ ಒಂದು ಕೈ ಬಳಿಯಿರಿ. ಮರಳನ್ನು ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು ಹಾಕುತ್ತೇನೆ. ಕ್ಯಾನೆ ಬೇಸಿಗೆಯ ಧೂಳಿನ ಬಯಲು, ಒಣ ಹುಲ್ಲಿನ ಬಣ್ಣ ಸಾಕು. ಟ್ರೆಬಿಯಾದ ಹಿಮಕ್ಕೆ ಅಡುಗೆ ಸೋಡಾ ಬಳಸುವವರಿದ್ದಾರೆ, ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಬಿಳಿ ಅಕ್ರಿಲಿಕ್, ಫೆವಿಕಾಲ್, ಕಲ್ಲಿನ ರಂಗೋಲಿ ಪುಡಿ ಸಮಪಾಲು ಬೆರೆಸಿದರೆ ಬಿಳಿ ಉಳಿಯುತ್ತದೆ.

ಕೊನೆಗೆ ವಾರ್ನಿಷ್ ಎರಡು ಕೋಟ್: ಮೊದಲು ಹೊಳಪಿನದು, ಸವೆತ ತಡೆಯಲು, ಪೂರ್ತಿ ಒಣಗಿದ ಮೇಲೆ ಮ್ಯಾಟ್, ಕುಂಚದಿಂದಲೇ. ಪೀಠದ ಕೆಳಗೆ ಮ್ಯಾಗ್ನೆಟ್ ಹಾಳೆ ಅಂಟಿಸಿ ತಗಡಿನ ಡಬ್ಬದಲ್ಲಿ ಇಟ್ಟರೆ ಈಟಿಗಳು ಒಂದಕ್ಕೊಂದು ತಾಗುವುದಿಲ್ಲ. ಆ ಡಬ್ಬವನ್ನು ನುಸಿಗುಳಿಗೆ ಹಾಕಿದ ಬೀರುವಿನಲ್ಲಿ ಇಡಬೇಡಿ. ಗುಳಿಗೆಯ ಆವಿ ಗಟ್ಟಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಭಾಗಗಳಿದ್ದರೆ ಅವನ್ನು ಮೆತ್ತಗಾಗಿಸುತ್ತದೆ.