ಇಲಿ ಮಿದುಳಿನಲ್ಲಿ ಅಮಿಲಾಯ್ಡ್ ಪ್ಲಾಕ್ ಅಳೆಯುವ ಕೆಲಸ: ನನ್ನ ಅನುಭವ

ಆಲ್ಝೈಮರ್ ಸಂಶೋಧನೆಯಲ್ಲಿ ಪ್ಲಾಕ್ (ಮಿದುಳಿನಲ್ಲಿ ಕಟ್ಟುವ ಬೀಟಾ ಅಮಿಲಾಯ್ಡ್ ಪ್ರೋಟೀನಿನ ಗಡ್ಡೆ) ಅಳೆಯುವುದು ಮೈಕ್ರೋಸ್ಕೋಪ್ ಕೆಲಸ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಮಿದುಳಿನಿಂದ ರಕ್ತ ತೊಳೆಯುವ ಹತ್ತು ನಿಮಿಷದಲ್ಲೇ ಫಲಿತಾಂಶದ ಅರ್ಧ ಹಣೆಬರಹ ತೀರ್ಮಾನವಾಗಿರುತ್ತದೆ. ಅಲ್ಲಿ ಕೆಟ್ಟದ್ದನ್ನು ಮುಂದೆ ಪ್ಲಾಕ್ ಗುರುತಿಸಲು ಹಾಕುವ ಯಾವ ಆಂಟಿಬಾಡಿಯೂ ಸರಿಮಾಡದು.

ನಾನು ಬಳಸುವುದು 5ಎಕ್ಸ್‌ಎಫ್‌ಎಡಿ ಇಲಿ. ವಂಶಪಾರಂಪರ್ಯ ಆಲ್ಝೈಮರ್‌ನಲ್ಲಿ ಕಂಡ 5 ಮ್ಯುಟೇಶನ್‌ಗಳು ಇದರಲ್ಲಿವೆ: ಎಪಿಪಿ (ಬೀಟಾ ಅಮಿಲಾಯ್ಡ್ ಹುಟ್ಟುವ ಮೂಲ ಪ್ರೋಟೀನ್) ಜೀನಿನಲ್ಲಿ 3, ಅದನ್ನು ಕತ್ತರಿಸುವ ಕಿಣ್ವದ ಭಾಗವಾದ ಪಿಎಸ್1ರ ಜೀನಿನಲ್ಲಿ 2. ಎರಡು ತಿಂಗಳ ವಯಸ್ಸಿಗೇ ಪ್ಲಾಕ್ ಕಾಣತೊಡಗುತ್ತದೆ. ಹೆಣ್ಣಿಲಿಗಳಲ್ಲಿ ಪ್ಲಾಕ್ ಹೆಚ್ಚು. ಹಾಗಾಗಿ ಔಷಧ ಕೊಡದ ಗುಂಪಿಗೆ ಹೆಣ್ಣು ಜಾಸ್ತಿ, ಕೊಟ್ಟ ಗುಂಪಿಗೆ ಗಂಡು ಜಾಸ್ತಿ ಬಿದ್ದರೆ ಔಷಧ ಕೆಲಸ ಮಾಡಿದಂತೆ ಸುಳ್ಳೇ ತೋರುತ್ತದೆ.

ನೈತಿಕ ಸಮಿತಿ ಒಪ್ಪಿದ ಕ್ರಮದಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ಕಾಲ್ಬೆರಳು ಚಿವುಟಿದರೂ ಪ್ರತಿಕ್ರಿಯೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಎದೆ ತೆರೆಯಬೇಕು. ಸೂಜಿ ಎಡ ಹೃತ್ಕುಕ್ಷಿಗೆ, ಕತ್ತರಿ ಬಲ ಹೃತ್ಕರ್ಣಕ್ಕೆ. ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) 20ರಿಂದ 30 ಮಿಲಿ ಹರಿಸುವಾಗ ಕಣ್ಣು ಪಿತ್ತಕೋಶದ ಪಕ್ಕದ ಯಕೃತ್ತಿನ ಮೇಲಿರಲಿ: ಕಡುಗೆಂಪು ಹೋಗಿ ತಿಳಿ ಕಂದು ಬಣ್ಣಕ್ಕೆ ತಿರುಗಬೇಕು. ಮೂಗಿನಿಂದ ದ್ರವ ಬಂದರೆ ಒತ್ತಡ ಹೆಚ್ಚಾಗಿದೆ ಅಥವಾ ಸೂಜಿ ಹೃದಯದ ನಡುಗೋಡೆ ದಾಟಿದೆ, ದ್ರವ ಶ್ವಾಸಕೋಶಕ್ಕೆ ಹೋಗುತ್ತಿದೆ. ರಕ್ತ ಉಳಿದರೆ ಮೈಕ್ರೋಸ್ಕೋಪಿನಲ್ಲಿ ಕೆಂಪು ರಕ್ತಕಣಗಳು ತಾವೇ ಹೊಳೆಯುತ್ತವೆ, ಸಾಫ್ಟ್‌ವೇರ್ ಅವನ್ನೂ ಪ್ಲಾಕ್ ಎಂದೇ ಎಣಿಸುತ್ತದೆ.

ಆಮೇಲೆ ಮಿದುಳನ್ನು ನಡುವೆ ಸೀಳಿ ಒಂದು ಅರ್ಧವನ್ನು ತಕ್ಷಣ ಘನೀಕರಿಸುತ್ತೇನೆ, ಪ್ರೋಟೀನ್ ಪರೀಕ್ಷೆಗೆ. ಇನ್ನೊಂದು ಅರ್ಧ, ಅಂಗಾಂಶ ಕೆಡದಂತೆ ಗಟ್ಟಿಮಾಡಲು, ಪಿಎಚ್ 7.4ರ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ, 4 ಡಿಗ್ರಿಯಲ್ಲಿ 24 ಗಂಟೆ. ವಾರಗಟ್ಟಲೆ ಅದರಲ್ಲೇ ಬಿಟ್ಟರೆ ಆಂಟಿಬಾಡಿ ಹಿಡಿಯುವ ಜಾಗಗಳು ಮುಚ್ಚಿಹೋಗುತ್ತವೆ. ನಂತರ 30% ಸಕ್ಕರೆ ದ್ರಾವಣ. ಮೊದಲು ತೇಲುವ ಮಿದುಳು ಎರಡು ಮೂರು ದಿನದಲ್ಲಿ ತಳಕ್ಕೆ ಕೂರುತ್ತದೆ. ಕೂರುವ ಮುಂಚೆ ಅವಸರಪಟ್ಟು ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಅಂಗಾಂಶವನ್ನು ಜರಡಿ ಮಾಡುತ್ತವೆ.

30 ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿ, ಪ್ರತಿ ಆರನೆಯ ಸೆಕ್ಷನ್ (ತೆಳು ಹೋಳು) ತೆಗೆದುಕೊಳ್ಳುತ್ತೇನೆ. ಬೀಟಾ ಅಮಿಲಾಯ್ಡ್ ಒತ್ತಾಗಿ ಮಡಚಿಕೊಂಡಿರುವುದರಿಂದ 70% ಫಾರ್ಮಿಕ್ ಆಮ್ಲದಲ್ಲಿ 5 ನಿಮಿಷ ಇಟ್ಟರೆ ಆಂಟಿಬಾಡಿಗೆ ಸುಲಭವಾಗಿ ದಾರಿ ಸಿಗುತ್ತದೆ. ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಬೇಕು. ಸೆಕ್ಷನ್ ಮೆದುವಾಗಿ ಸುರುಟಿಕೊಳ್ಳುವುದರಿಂದ ಚಿಮುಟ ಬೇಡ, ಮೆತ್ತನೆಯ ಕುಂಚ ಸಾಕು. ಮೂರು ಸಲ ತೊಳೆದು, ಬೇಡದ ಕಡೆ ಅಂಟುವುದನ್ನು ತಡೆಯುವ 5% ಸೀರಮ್ ಮತ್ತು ಕೋಶದ ಪೊರೆ ಸಡಿಲಿಸುವ 0.3% ಟ್ರೈಟಾನ್‌ನಲ್ಲಿ ಒಂದು ಗಂಟೆ, ಅಮಿಲಾಯ್ಡನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿಯಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಪ್ರಸಿದ್ಧವಾದ 6ಇ10 ಇಲಿಯಿಂದಲೇ ಬಂದ ಆಂಟಿಬಾಡಿ. ಹಾಗಾಗಿ ಇಲಿ ಅಂಗಾಂಶದ ಮೇಲೆ ಸೆಕೆಂಡರಿ (ಪ್ರೈಮರಿಯನ್ನು ಹಿಡಿದು ಹೊಳೆಯುವ ಎರಡನೆಯ ಆಂಟಿಬಾಡಿ) ಎಲ್ಲೆಡೆ ಅಂಟಿ ಹಿನ್ನೆಲೆ ಮಸುಕಾಗುತ್ತದೆ, ಮೇಲಾಗಿ ಅದು ಎಪಿಪಿಯನ್ನೂ ಹಿಡಿಯುತ್ತದೆ. ಮೊಲದ ಆಂಟಿಬಾಡಿ ಸುಲಭ. ಪ್ರೈಮರಿ ಇಲ್ಲದ ಒಂದು ಸೆಕ್ಷನ್, ಮ್ಯುಟೇಶನ್ ಇಲ್ಲದ ಒಡಹುಟ್ಟಿದ ಇಲಿಯದು ಒಂದು, ಪ್ರತಿ ಬ್ಯಾಚಿನಲ್ಲೂ ಇರಲೇಬೇಕು.

ವಯಸ್ಸಾದ ಮಿದುಳಿನಲ್ಲಿ ಕೋಶಗಳೊಳಗೆ ಸೇರುವ ಲಿಪೋಫಸಿನ್ ಎಂಬ ಕಶ್ಮಲ ಎಲ್ಲ ಬಣ್ಣದ ಚಾನೆಲ್‌ಗಳಲ್ಲೂ ಹೊಳೆಯುತ್ತದೆ. ನಾವು ಬಣ್ಣ ಹಾಕದ ಖಾಲಿ ಚಾನೆಲ್‌ನಲ್ಲೂ ಅದೇ ಚುಕ್ಕೆ ಕಂಡರೆ ಅದು ಪ್ಲಾಕ್ ಅಲ್ಲ.

ಚಿತ್ರ ತೆಗೆಯುವಾಗ ಅತ್ಯಂತ ಪ್ರಕಾಶಮಾನವಾದ ಸೆಕ್ಷನ್ ಮೇಲೆ ಎಕ್ಸ್‌ಪೋಶರ್ ನಿಗದಿ ಮಾಡಿ, ಮತ್ತೆ ಮುಟ್ಟಬಾರದು. ಗುಂಪಿನ ಹೆಸರು ಬೇರೆಯವರಿಂದ ಮುಚ್ಚಿಸಿಯೇ ಅಳೆಯಿರಿ. ತ್ರೆಶೋಲ್ಡ್ (ಎಷ್ಟು ಹೊಳೆದರೆ ಪ್ಲಾಕ್ ಎಂಬ ಗಡಿ) ಹಿಡಿಯುವ ಕೈ ತನಗೆ ಬೇಕಾದ ಕಡೆಗೆ ವಾಲುತ್ತದೆ, ಎಷ್ಟೇ ಪ್ರಾಮಾಣಿಕರಾದರೂ. ಹತ್ತಿರ ಹತ್ತಿರದ ಪ್ಲಾಕ್‌ಗಳು ಕೂಡಿಕೊಂಡು ಒಂದೇ ಆಗಿ ಕಾಣುವುದರಿಂದ ಎಣಿಕೆಗಿಂತ ಶೇಕಡಾವಾರು ವಿಸ್ತೀರ್ಣವನ್ನೇ ನಾನು ನಂಬುತ್ತೇನೆ.

ರೋಗಿಗಳಲ್ಲಿ ಮರೆವಿನ ತೀವ್ರತೆಗೆ ಪ್ಲಾಕ್‌ಗಿಂತ ಟಾವ್ ಗಂಟುಗಳು (ನರಕೋಶದೊಳಗೆ ಕಟ್ಟುವ ಟಾವ್ ಪ್ರೋಟೀನಿನ ಗಂಟು) ಮತ್ತು ಸಿನಾಪ್ಸ್ (ನರಕೋಶಗಳ ನಡುವಿನ ಸಂಪರ್ಕ) ನಷ್ಟ ಹೆಚ್ಚು ಹೊಂದುತ್ತವೆ. ಈ ಇಲಿಯಲ್ಲಿ ಟಾವ್ ಗಂಟುಗಳೇ ಕಟ್ಟುವುದಿಲ್ಲ. ಅದಕ್ಕೇ ಘನೀಕರಿಸಿಟ್ಟ ಇನ್ನರ್ಧದಲ್ಲಿ ಸಿನಾಪ್ಸ್ ಪ್ರೋಟೀನಾದ ಸಿನಾಪ್ಟೋಫೈಸಿನ್ ಪ್ರಮಾಣವನ್ನೂ ಅಳೆದು, ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲೇ ಬರೆಯುತ್ತೇನೆ.