‘ನಾನೇ ನಂಬರ್ ಒನ್’ ಬಿಟ್ಟ ಮೇಲೆ ಬಿಸಿನೆಸ್ ಬಂತು: ಒಬ್ಬ ವಿಮಾ ಏಜೆಂಟಳ ಅನುಭವ

ಮನಸ್ಸಿಗೆ ಒಳ್ಳೆ ಮಾತು ಹೇಳಿಕೊಂಡರೆ ಪ್ರೊಪೋಸಲ್ ಫಾರ್ಮ್ (ಹೊಸ ಪಾಲಿಸಿಯ ಅರ್ಜಿ) ತುಂಬುತ್ತಾ ಎಂದು ನಮ್ಮ ಬ್ರಾಂಚಿನಲ್ಲಿ ಬಹಳ ಜನ ಕೇಳಿದ್ದಾರೆ. ತುಂಬುತ್ತೆ. 2025ರ ಮಾರ್ಚ್‌ನಲ್ಲಿ ನಾನು ಮಾಡಿದ ಬಿಸಿನೆಸ್, ಅದರ ಹಿಂದಿನ ಎರಡು ಮಾರ್ಚ್ ಸೇರಿಸಿದರೂ ಜಾಸ್ತಿ. ದಾವಣಗೆರೆಯಂಥ ಊರಲ್ಲಿ, ಬೀದಿಗೆ ಇಬ್ಬರು ಏಜೆಂಟರು ಇರುವಾಗ, ಇದು ಸಣ್ಣ ವಿಷಯ ಅಲ್ಲ.

ಪ್ಲಾನ್ ವಿವರಿಸುವುದು, ಪ್ರೀಮಿಯಂ ಲೆಕ್ಕ ಹಾಕುವುದು, ಗಿರಾಕಿಯನ್ನು ಒಪ್ಪಿಸಿ ಕ್ಲೋಸ್ ಮಾಡುವುದು ಏಜೆಂಟರಾದ ನಿಮಗೆಲ್ಲ ಗೊತ್ತು. ಅಷ್ಟು ಗೊತ್ತಿದ್ದರೂ ಕೆಲವು ದಿನ ಫೋನ್ ಎತ್ತಲು ಕೈ ಬರುವುದಿಲ್ಲ, ಅಲ್ವಾ? ನಾನು ಬರೆಯುತ್ತಿರುವುದು ಅದರ ಬಗ್ಗೆ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮೂರೇ ಮಾತು. ‘ಇವರೂ ಬೇಡ ಅಂತಾರೆ.’ ‘ನನ್ನನ್ನು ಕಂಡರೆ ಪೀಡೆ ಬಂತು ಅಂದುಕೊಳ್ತಾರೆ.’ ‘ಈ ಕೆಲಸ ನನ್ನ ಕೈಲಿ ಆಗಲ್ಲ.’ ಮಂಡಿಪೇಟೆಯಲ್ಲಿ ಒಂದು ಅಂಗಡಿಗೆ ಹೋಗಬೇಕಿದ್ದರೆ ಸ್ಕೂಟರ್‌ನಲ್ಲಿ ಎರಡು ಸುತ್ತು ಹಾಕಿ, ‘ಈಗ ಗಿರಾಕಿ ಇದ್ದಾರೆ, ನಾಳೆ ಬರೋಣ’ ಅಂದುಕೊಂಡು ವಾಪಸ್ ಬರುತ್ತಿದ್ದೆ. 2024ರ ಅಕ್ಟೋಬರ್‌ನಲ್ಲಿ ಸರೆಂಡರ್ ನಿಯಮ (ಅವಧಿಗೆ ಮೊದಲೇ ಪಾಲಿಸಿ ಬಿಟ್ಟವರಿಗೆ ದುಡ್ಡು ವಾಪಸ್ ಕೊಡುವ ನಿಯಮ) ಬದಲಾಗಿ, ಮೊದಲ ವರ್ಷದ ಕಮಿಷನ್‌ಗೆ ಕತ್ತರಿ ಬಿತ್ತಲ್ಲ, ಆಗ ಮೂರನೇ ಮಾತು ದಿನಪೂರ್ತಿ ಕೇಳತೊಡಗಿತು.

ಅದಕ್ಕೂ ಮೊದಲು ದುಡ್ಡು ಎಷ್ಟು ಸುರಿದಿದ್ದೆ ಅಂತ ಹೇಳಬೇಕು. 2023ರಲ್ಲಿ ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಎರಡು ದಿನದ ವರ್ಕ್‌ಶಾಪ್. ಫೀಸು ಹದಿನೈದು ಸಾವಿರದ ಹತ್ತಿರ, ಬಸ್ಸು, ರೂಮು, ಊಟ ಸೇರಿ ಇನ್ನೊಂದು ಮೂರು-ನಾಲ್ಕು ಸಾವಿರ. ಅಲ್ಲಿ ಇನ್ನೂರು ಜನ ಎದ್ದು ನಿಂತು ‘ನಾನೇ ನಂಬರ್ ಒನ್’ ಎಂದು ಕೂಗಿದೆವು. ಆಮೇಲೆ ಒಂದು ಆ್ಯಪ್‌ನ ವರ್ಷದ ಚಂದಾ, ಒಂದಿಷ್ಟು ಆಡಿಯೋ, ಫೋನ್‌ನಲ್ಲಿ ವಾರಕ್ಕೊಮ್ಮೆ ಮಾತಾಡುವ ಒಬ್ಬ ಕೋಚ್. ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಿತ್ತು. ಆಗ ನನಗೆ ಮೂರು ತಿಂಗಳಿಗೆ ಬರುತ್ತಿದ್ದ ಕಮಿಷನ್ ಹೆಚ್ಚುಕಡಿಮೆ ಅಷ್ಟೇ.

ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ‘ನಾನೇ ನಂಬರ್ ಒನ್’ ಅನ್ನುತ್ತಿದ್ದೆ. ಒಳಗಿನಿಂದ ತಕ್ಷಣ ಉತ್ತರ ಬರುತ್ತಿತ್ತು: ‘ಹೋದ ತಿಂಗಳು ಎಷ್ಟು ಪಾಲಿಸಿ ಮಾಡಿದೆ, ಹೇಳು.’ ಜೋರಾಗಿ ಹೇಳಿದಷ್ಟೂ ಆ ಉತ್ತರವೂ ಜೋರಾಗುತ್ತಿತ್ತು. ನಾಲ್ಕೈದು ತಿಂಗಳು ಬಿಡದೆ ಮಾಡಿದೆ. ಫೋನ್ ಮಾಡುವುದು ಕಡಿಮೆಯಾಯಿತೇ ಹೊರತು ಜಾಸ್ತಿ ಆಗಲಿಲ್ಲ.

ನನ್ನ ಅಕ್ಕನ ಮಗಳು ಸೈಕಾಲಜಿ ಓದುತ್ತಾಳೆ. ‘ಚಿಕ್ಕಮ್ಮ, ಇದು ನಿಮ್ಮೊಬ್ಬರಿಗೇ ಆಗಿದ್ದಲ್ಲ’ ಅಂದಳು. ಕೆನಡಾದಲ್ಲಿ ಜೋಆನ್ ವುಡ್ ಎಂಬುವರು ಮತ್ತು ಜೊತೆಗಾರರು ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಗಿದೆಯಂತೆ. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡವರ ಹತ್ತಿರ ‘ನಾನು ಪ್ರೀತಿಗೆ ಯೋಗ್ಯ’ ಎಂದು ಮತ್ತೆ ಮತ್ತೆ ಹೇಳಿಸಿದರೆ, ಅವರಿಗೆ ಇನ್ನಷ್ಟು ಬೇಜಾರಾಯಿತು. ಅದನ್ನು ಕೇಳಿದ ದಿನವೇ ಕನ್ನಡಿ ಬಿಟ್ಟೆ.

ಹೊಸ ವರ್ಷಕ್ಕೆ ನಮಗೆಲ್ಲ ಡೈರಿ ಕೊಡುತ್ತಾರಲ್ಲ, ಅದರಲ್ಲಿ ಶುರು ಮಾಡಿದೆ. ಎಡಗಡೆ ಪುಟದಲ್ಲಿ ಕೆಟ್ಟ ಯೋಚನೆ, ತಲೆಯಲ್ಲಿ ಬಂದ ಹಾಗೇ. ಬಲಗಡೆ, ನನ್ನ ಒಳಗಿನ ದನಿ ‘ಸುಳ್ಳು’ ಅನ್ನಲಾಗದ ಒಂದು ಮಾತು. ಮೊದಲ ಯೋಚನೆಗೆ ‘ಹತ್ತರಲ್ಲಿ ಇಬ್ಬರು, ಮೂವರು ಕೂತು ಕೇಳ್ತಾರೆ, ಇವರು ಅವರಲ್ಲೊಬ್ಬರೋ ಅಲ್ಲವೋ ನಿನಗೆ ಇನ್ನೂ ಗೊತ್ತಿಲ್ಲ’ ಎಂದು ಬರೆದೆ. ಇದು ಸುಲಭವಾಗಿ ಸಿಕ್ಕಿತು.

‘ಪೀಡೆ’ ಅನ್ನುವುದಕ್ಕೆ ಮಾತ್ರ ವಾರಗಟ್ಟಲೆ ಮಾತು ಸಿಗಲಿಲ್ಲ. ಕೊನೆಗೆ ಒಂದು ಡೆತ್ ಕ್ಲೇಮ್, ಅಂದರೆ ಪಾಲಿಸಿದಾರರು ತೀರಿಕೊಂಡಾಗ ಮನೆಯವರು ವಿಮೆ ದುಡ್ಡು ಕೇಳಿದ್ದು, ನೆನಪಾಯಿತು. ಲಾರಿ ಓಡಿಸುತ್ತಿದ್ದವರು, ಪಾಲಿಸಿ ಮಾಡಿಸಿ ಎರಡು ವರ್ಷವೂ ಆಗಿರಲಿಲ್ಲ. ಅಷ್ಟು ಬೇಗ ಆದ ಕ್ಲೇಮ್ ಎಂದರೆ ವಿಚಾರಣೆ, ಓಡಾಟ ಎಷ್ಟಿರುತ್ತದೆ ನಿಮಗೆ ಗೊತ್ತು. ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು. ಅವರ ಹೆಂಡತಿಯನ್ನು ಕರೆದುಕೊಂಡು ನಾನೇ ಕಚೇರಿ ಕಚೇರಿ ಅಲೆದೆ. ದುಡ್ಡು ಅಕೌಂಟಿಗೆ ಬಂದ ದಿನ ಆಕೆ ಫೋನ್ ಮಾಡಿ ಮಾತಾಡಲಾಗದೆ ಸುಮ್ನೆ ಹಿಡಿದುಕೊಂಡೇ ಇದ್ದರು. ಡೈರಿಯ ಬಲಗಡೆ ಬರೆದೆ: ‘ಆ ಮನೆಗೆ ಪಾಲಿಸಿ ಮಾಡಿಸಿದವಳು ನೀನು.’ ಈ ಮಾತಿಗೆ ಒಳಗಿನಿಂದ ಎದುರು ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

‘ನಾನು’ ಬಿಟ್ಟು ‘ನೀನು’ ಅನ್ನುವುದು ನನಗೆ ತಾನಾಗಿ ಬಂತು. ಅಮೆರಿಕದ ಮಿಷಿಗನ್‌ನಲ್ಲಿ ಈಥನ್ ಕ್ರಾಸ್ ಎಂಬುವರು ಇದನ್ನೇ ಪರೀಕ್ಷಿಸಿ 2014ರಲ್ಲಿ ಬರೆದಿದ್ದಾರೆ ಎಂದು ಅಕ್ಕನ ಮಗಳು ಆಮೇಲೆ ಹೇಳಿದಳು. ತನ್ನ ಹೆಸರು ಹಿಡಿದು ತಾನೇ ಮಾತಾಡಿಕೊಂಡರೆ ಗಾಬರಿ ಕಡಿಮೆಯಾಗುತ್ತದಂತೆ. ನಾನು ಒಂದು ಹೆಜ್ಜೆ ಮುಂದೆ ಹೋದೆ. ನಮ್ಮವ್ವ ಮಾತಾಡುವ ಹಾಗೆ ಹೇಳಿಕೊಂಡೆ: ‘ಹೋಗವ್ವ, ಕೇಳಿ ಬಾ. ಇಲ್ಲ ಅಂದ್ರೆ ಮುಂದಿನ ಮನೆ.’ ಇಂಗ್ಲಿಷ್‌ನಲ್ಲಿ ಹೇಳಿಕೊಂಡರೆ ನನಗೆ ಎಳ್ಳಷ್ಟೂ ತಾಗುವುದಿಲ್ಲ.

ಯಾವಾಗ ಹೇಳಬೇಕು ಅನ್ನುವುದೂ ಮುಖ್ಯ. ಬೆಳಗ್ಗೆ ಹೇಳಿದ್ದು ಹನ್ನೊಂದು ಗಂಟೆಗೆ ಉಳಿದಿರುವುದಿಲ್ಲ. ಸ್ಕೂಟರ್ ಕೀ ತೆಗೆಯುವಾಗ ಒಂದು ಮಾತು. ‘ಬೇಡ’ ಅನ್ನಿಸಿಕೊಂಡು ಬಂದು ಮತ್ತೆ ಕೀ ಹಾಕುವಾಗ ಇನ್ನೊಂದು. ಎರಡನೆಯದು ಹೇಳದೆ ಗಾಡಿ ಸ್ಟಾರ್ಟ್ ಮಾಡಬಾರದು ಎಂದು ನಿಯಮ ಹಾಕಿಕೊಂಡೆ.

ಮೊದಲ ಮೂರು ವಾರ ಏನೂ ಆಗಲಿಲ್ಲ. ‘ಗಂಟಲು ನೋವು ಬರುತ್ತೆ ಅಷ್ಟೇ’ ಅಂದರು ನಮ್ಮ ಏಜೆಂಟರನ್ನು ನೋಡಿಕೊಳ್ಳುವ ಡೆವಲಪ್‌ಮೆಂಟ್ ಆಫೀಸರ್. ಆಮೇಲೆ ದಿನಕ್ಕೆ ನಾಲ್ಕೈದು ಇದ್ದ ಫೋನ್ ಹದಿನೈದರ ಹತ್ತಿರ ಬಂತು. ಹನ್ನೊಂದು, ಹನ್ನೆರಡು ಸಾವಿರದ ಸುತ್ತ ಇದ್ದ ತಿಂಗಳ ಕಮಿಷನ್ ಬೇಸಿಗೆ ಹೊತ್ತಿಗೆ ಇಪ್ಪತ್ತೈದು ದಾಟಿತು. ಕಮಿಷನ್ ರೇಟ್ ಇಳಿದ ಮೇಲೆ ಬಂದ ದುಡ್ಡು ಇದು. ಈಗ ಕೆಲವರು ಇದೆಲ್ಲ ವಿಮೆ ಪ್ರೀಮಿಯಂ ಮೇಲಿನ ಜಿಎಸ್‌ಟಿ ತೆಗೆದದ್ದರಿಂದ ಅನ್ನುತ್ತಾರೆ. ಜಿಎಸ್‌ಟಿ ಹೋಗಿದ್ದು 2025ರ ಸೆಪ್ಟೆಂಬರ್ 22ಕ್ಕೆ. ನನ್ನ ಲೆಕ್ಕ ಮಾರ್ಚ್‌ನದು. ನನ್ನ ಪಾಡಿಗೆ ನಾನು ದುಡಿದು ತಂದದ್ದನ್ನು ಬೇರೆಯದರ ಖಾತೆಗೆ ಬರೆಯಲು ನಾನು ಒಪ್ಪುವುದಿಲ್ಲ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಾತುಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕೇಳಿದೆ, ಎರಡು ದಿನಕ್ಕೆ ಕಿರಿಕಿರಿಯಾಯಿತು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗ ‘ನನಗೆ ಗಣಿತ ಬರಲ್ಲ’ ಅನ್ನುತ್ತಿದ್ದ. ‘ಈ ಲೆಕ್ಕದ ಮೊದಲ ಎರಡು ಸಾಲು ನಿನಗೆ ಬರುತ್ತೆ’ ಎಂದು ಬರೆಸಿದೆ. ಖಾಲಿ ಬಿಡುತ್ತಿದ್ದ ಲೆಕ್ಕಗಳಿಗೆ ಕೈ ಹಾಕತೊಡಗಿದ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಬರುವ ಸಾಲದ ಯೋಚನೆಗೆ ಮಾತ್ರ ಯಾವ ಮಾತೂ ನಡೆಯಲಿಲ್ಲ. ಅದಕ್ಕೆ ಮಲಗುವ ಮೊದಲು ನಾಳೆಯ ರಿನೀವಲ್ ಪಟ್ಟಿ (ಮುಂದಿನ ಪ್ರೀಮಿಯಂ ಕಟ್ಟಬೇಕಾದವರದು) ಬರೆದಿಡುವುದೇ ವಾಸಿ. ನಿದ್ದೆ, ಊಟ ಎರಡೂ ಹೋಗಿ, ಬದುಕೇ ಬೇಡ ಅನ್ನಿಸುತ್ತಿದ್ದರೆ ಡೈರಿ ಹಿಡಿದು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫ್ರೀ ಲುಕ್‌ನಲ್ಲಿ (ಪಾಲಿಸಿ ಕೈಗೆ ಬಂದ ಮೇಲೆ ಬೇಡ ಅನ್ನಲು ಗಿರಾಕಿಗೆ ಇರುವ ಗಡುವಿನಲ್ಲಿ) ದೊಡ್ಡ ಪಾಲಿಸಿ ವಾಪಸ್ ಬಂದ ದಿನಕ್ಕೆ ನನ್ನ ಹತ್ತಿರ ಬೇರೆಯೇ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮನೆಯ ಕಥೆಯಿಂದ ಹುಟ್ಟಿದ್ದು, ನಿಮ್ಮದನ್ನು ನೀವೇ ಹುಡುಕಬೇಕು.

ಒಂದೇ ಮಾತು ತಿಂಗಳು, ಒಂದೂವರೆ ತಿಂಗಳಿಗೆ ಸವೆಯುತ್ತದೆ. ಬಾಯಿ ಹೇಳುತ್ತದೆ, ಒಳಗೆ ಇಳಿಯುವುದಿಲ್ಲ. ಆಗ ಡೈರಿ ತೆಗೆದು ಹೊಸದು ಬರೆಯುತ್ತೇನೆ. ಸದ್ಯ ಪ್ರೀಮಿಯಂ ಕಟ್ಟದೆ ಲ್ಯಾಪ್ಸ್ ಆದ ಪಾಲಿಸಿಯವರಿಗೆ ಫೋನ್ ಮಾಡಲು ಒಂದು ಮಾತು ತಯಾರಾಗುತ್ತಿದೆ. ಹಳೇ ಪಟ್ಟಿಯಲ್ಲಿ ಅರವತ್ತರ ಹತ್ತಿರ ಹೆಸರುಗಳಿವೆ, ಅರ್ಧ ಮುಗಿದಿದೆ, ಏಳೆಂಟು ಜನ ರಿವೈವಲ್‌ಗೆ, ಅಂದರೆ ಪಾಲಿಸಿ ಮತ್ತೆ ಚಾಲೂ ಮಾಡಿಸಲು, ಒಪ್ಪಿದ್ದಾರೆ.