ಎಸ್ಸೆಸ್ಸೆಲ್ಸಿ ಆದ್ಮೇಲೆ ಏನು? ಒಂಬತ್ತನೇ ತರಗತಿಯಲ್ಲೇ ಕೇಳಲು ಶುರು ಮಾಡಿದೆ

ನಾನು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗನೊಬ್ಬ 625ಕ್ಕೆ 540 ತೆಗೆದ. ಮೋಟಾರು, ಪಂಪ್‌ಸೆಟ್ಟು ಅಂದರೆ ಅವನಿಗೆ ಪ್ರಾಣ. "ಇಷ್ಟು ಮಾರ್ಕ್ಸ್ ತೆಗೆದು ಡಿಪ್ಲೊಮಾ ಯಾಕೋ, ಸೈನ್ಸ್ ತಗೋ" ಅಂದವನು ನಾನೇ. ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ತಗೊಂಡ. ಪಾಠವೆಲ್ಲ ಇಂಗ್ಲಿಷು, ಬಯಾಲಜಿ ಅವನಿಗೆ ಬೇಡವಾದ ವಿಷಯ. ಫೇಲಾಗಿ ಓದು ಬಿಟ್ಟ. ಅವನ ಅಪ್ಪ ಸಂತೆಯಲ್ಲಿ ಸಿಕ್ಕಾಗ ನನಗೆ ಒಂದು ಮಾತೂ ಅನ್ನಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಪಾಲಿಟೆಕ್ನಿಕ್‌ನಲ್ಲಿ 3 ವರ್ಷ ಡಿಪ್ಲೊಮಾ ಓದಿ, ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಎರಡು ವರ್ಷದ ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ಇದನ್ನೆಲ್ಲ ನಾನು ಕಲಿತದ್ದು ಅವನ ಕಥೆ ಮುಗಿದ ಮೇಲೆ.

ಮುಂದಿನ ವರ್ಷ ಒಂಬತ್ತನೇ ತರಗತಿ ಮಕ್ಕಳಿಗೆ ಚೀಟಿ ಕೊಟ್ಟು, ಏನಾಗಬೇಕು ಅಂತ ಬರೆಸಿದೆ. 43 ಚೀಟಿಯಲ್ಲಿ ಐದೇ ಹೆಸರು. ಪೊಲೀಸ್, ಟೀಚರ್, ಡಾಕ್ಟರ್, ಎಂಜಿನಿಯರ್, ಮಿಲ್ಟ್ರಿ. ಮಕ್ಕಳು ನೋಡಿರುವುದೇ ಅಷ್ಟು, ಬರೆಯುವುದಾದರೂ ಇನ್ನೇನು?

ಹಾಗಾಗಿ ದಸರಾ ರಜಕ್ಕೆ ಒಂದು ಕೆಲಸ ಕೊಟ್ಟೆ. ದುಡಿಯುವ ಒಬ್ಬರ ಜೊತೆ ಅರ್ಧ ದಿನ ಇರಬೇಕು. ಮನೆಯವರಾಗಲಿ ನೆಂಟರಾಗಲಿ ಆಗಬಾರದು. ಬೆಳಿಗ್ಗೆ ಬಂದು ಮೊದಲು ಏನು ಮಾಡ್ತೀರಿ, ಹತ್ತನೇ ಕ್ಲಾಸಾದ ಮೇಲೆ ಏನು ಓದಿದಿರಿ, ಈ ಕೆಲಸದಲ್ಲಿ ಬೇಜಾರು ಯಾವುದು ಅಂತ ಕೇಳಿ ಬರೆದುಕೊಂಡು ಬರಬೇಕು. ಮೊದಲೇ ನಾನು ಫೋನ್ ಮಾಡಿ ಒಪ್ಪಿಸಿರುತ್ತೇನೆ. ಬೇಡ ಅಂದವರು ಕಡಿಮೆ.

ಡಾಕ್ಟರ್ ಅಂತ ಬರೆದಿದ್ದ ಹುಡುಗಿಯೊಬ್ಬಳು ಆಸ್ಪತ್ರೆಯ ಲ್ಯಾಬಿಗೆ ಹೋಗಿ ಬಂದಳು. "ಒಂದು ಹನಿ ರಕ್ತ ಗಾಜಿನ ಪಟ್ಟಿ ಮೇಲಿಟ್ಟು, ಇನ್ನೊಂದು ಪಟ್ಟಿಯಿಂದ ಸರ್ರಂತ ಎಳೆದರು ಸಾರ್. ಒಂದೇ ಸಲ! ದಪ್ಪ ಆದರೆ ಏನೂ ಕಾಣಲ್ವಂತೆ." ಹೇಳುವಾಗ ಅವಳ ಕೈಯೂ ಹಾಗೇ ಎಳೆಯುತ್ತಿತ್ತು. ಆಸ್ಪತ್ರೆ ಅಂದರೆ ಡಾಕ್ಟರ್, ನರ್ಸ್ ಇಬ್ಬರೇ ಅಂದುಕೊಂಡಿದ್ದಳು.

ಅವಳ ಜೊತೆ ಕೂತು ಒಂದು ಹಾಳೆಯಲ್ಲಿ ದಾರಿ ಬರೆದೆ. ಬಲತುದಿಯಲ್ಲಿ ಕೆಲಸ, ಅಲ್ಲಿಂದ ಎಡಕ್ಕೆ ಒಂದೊಂದೇ ಮೆಟ್ಟಿಲು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಿದರೆ ಲ್ಯಾಬ್ ಡಿಪ್ಲೊಮಾ 3 ವರ್ಷ, ಸೈನ್ಸ್ ಪಿಯುಸಿ ಮುಗಿಸಿ ಸೇರಿದರೆ 2 ವರ್ಷ. ಎರಡನೆಯದಕ್ಕೆ ಒಟ್ಟು ಒಂದು ವರ್ಷ ಜಾಸ್ತಿ. ಆದರೆ ನಡುವೆ ಮನಸ್ಸು ಬದಲಾದರೆ ಬಿಎಸ್ಸಿಗೋ ನರ್ಸಿಂಗಿಗೋ ಹೋಗಬಹುದು. ಪ್ರತಿ ಮೆಟ್ಟಿಲಿನ ಕೆಳಗೆ ಫೀಸು, ಹಾಸ್ಟೆಲ್ಲು, ಬಸ್ಸು. ಬಸ್ಸನ್ನು ನಾನು ತಪ್ಪದೇ ಬರೆಸುತ್ತೇನೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಮಾರ್ಕ್ಸಿನಿಂದಲ್ಲ, ಸಂಜೆ ಆರರ ಬಸ್ಸಿನಿಂದ.

ಅವಳ ಅಪ್ಪ ಬಂದು ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. "ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ ಸಾರ್" ಅಂದರು. ಮಗಳನ್ನು ಪಿಯುಸಿಗೆ ಹಾಕಿದರು. ಈಗ ಅವಳು ಲ್ಯಾಬ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ.

ಕಾಗದಪತ್ರದ ಕೆಲಸವನ್ನೂ ಒಂಬತ್ತರಲ್ಲೇ ಮುಗಿಸುತ್ತೇನೆ. ನಾಡಕಚೇರಿಯಿಂದ ಜಾತಿ, ಆದಾಯ ಪತ್ರ. ಆಧಾರ್, ಶಾಲಾ ದಾಖಲೆ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಅಕ್ಷರ ಅಕ್ಷರ ನೋಡುತ್ತೇನೆ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಮೀಸಲು. ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಸಾಹೇಬರ ಸಹಿ ಎರಡೂ ಬೇಕು. ಮೂರು ಶಾಲೆ ಬದಲಾಯಿಸಿದ ಹುಡುಗ ಕೊನೇ ಗಳಿಗೆಯಲ್ಲಿ ಸಹಿಗಾಗಿ ಊರೂರು ಅಲೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸುವುದನ್ನೂ ಮರೆಯಲ್ಲ. ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ದ್ವಿತೀಯ ಪಿಯುವರೆಗೆ. ಪುಸ್ತಕ, ಬಸ್ ಪಾಸಿನ ಚಿಂತೆ ತಪ್ಪುತ್ತದೆ.

ಈ ವರ್ಷ ಒಬ್ಬ ಹುಡುಗ ಬೆಸ್ಕಾಂ ಲೈನ್‌ಮನ್ ಒಬ್ಬರನ್ನು ಮಾತಾಡಿಸಿ ಬಂದ. ಕ್ಲಾಸಿನಲ್ಲಿ ಕೊನೇ ಬೆಂಚು, ಲೆಕ್ಕ ಅಂದರೆ ತಲೆ ತಗ್ಗಿಸುವವನು. ಕಂಬ ಹತ್ತುವ ಪರೀಕ್ಷೆ ಇರುತ್ತದಂತೆ, ಅದು ಅವನಿಗೆ ಖುಷಿ. ಆದರೆ ಆಯ್ಕೆಗೆ ಎಸ್ಸೆಸ್ಸೆಲ್ಸಿ ಅಂಕವನ್ನೇ ನೋಡುತ್ತಾರೆ ಅಂತಲೂ ಅವರು ಹೇಳಿ ಕಳಿಸಿದ್ದರು. ಸೋಮವಾರ ಬೆಲ್ ಆದಮೇಲೂ ಅವನು ಹೊರಗೆ ಹೋಗಲಿಲ್ಲ. ನೋಟ್‌ಬುಕ್ ಹಿಡಿದು ಮೇಜಿನ ಹತ್ತಿರ ಬಂದ.

"ಸಾರ್, ಆ ಬಹುಪದೋಕ್ತಿ ಪಾಠ ಇನ್ನೊಂದ್ಸಲ ಹೇಳ್ಕೊಡ್ತೀರಾ?"